ಆಟಿಯಲ್ಲಿ ಬಂದ ಟಿ.ವಿ. ಗೇಮ್

ಪುಟ್ಟಿ, ಅಪ್ಪು,

ಮೊನ್ನೆ ಆದಿತ್ಯವಾರ ನೀವಿಬ್ಬರೂ ಚಾವಡಿಯಲ್ಲಿ ಕೂತು ಫೋನಿನಲ್ಲಿ ಆಡುತ್ತಿದ್ದಾಗ ನಾನು ಪಕ್ಕದಲ್ಲೇ ಮಲ್ಲಿಗೆ ಕಟ್ಟುತ್ತಿದ್ದೆ. ಪುಟ್ಟಿ ಆಟದಲ್ಲಿ ಗಂಡುಹುಡುಗನ ಹೆಸರು ಇಟ್ಟುಕೊಂಡಿದ್ದಾಳೆ, ಅಲ್ಲಿ ಬಾಯಿಯೇ ಬಿಡುವುದಿಲ್ಲ ಎಂದು ಅಪ್ಪು ಹೇಳಿದ. ಯಾಕೆ ಎಂದು ಕೇಳಿದೆ. "ಹುಡುಗಿ ಅಂತ ಗೊತ್ತಾದ್ರೆ ಅಡುಗೆಮನೆಗೆ ಹೋಗು ಅಂತಾರೆ ಅಜ್ಜಿ," ಎಂದು ಪುಟ್ಟಿ ತಲೆ ಎತ್ತದೆ ಹೇಳಿದಳು. ನಾನು ಮಲ್ಲಿಗೆ ಎತ್ತಿಕೊಂಡು ಒಳಗೆ ಹೋದೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ನಾಲ್ಕು ಜನರೆದುರು ಮಾತಾಡಲು ಈಗಲೂ ಹಿಂಜರಿಕೆ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಅಡುಗೆಮನೆಯ ಮಾತು ನಿಮ್ಮ ಫೋನಿಗಿಂತ ಹಳೆಯದು. ಎಂಬತ್ತರ ದಶಕದಲ್ಲಿ ನಾವು ಕಾಪುವಿನಲ್ಲಿ ನನ್ನ ಅಮ್ಮನ ಮನೆಯಲ್ಲಿದ್ದೆವು. ನಮ್ಮವರಲ್ಲಿ ಮನೆ ಹೆಣ್ಣುಮಕ್ಕಳ ಕಡೆಯಿಂದ ಬರುವುದು ನಿಮಗೆ ಗೊತ್ತೇ ಇದೆ. ನಿಮ್ಮ ಅಜ್ಜ ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರ್. ನಮಗೆ ಒಬ್ಬ ಮಗ, ಅವನಿಗಿಂತ ಎರಡು ವರ್ಷ ಚಿಕ್ಕವಳು ಒಬ್ಬಳು ಮಗಳು. ಆ ಮಗಳೇ ನಿಮ್ಮ ಅಮ್ಮ.

ಒಂದು ಸಲ ನನ್ನ ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಿದ್ದೆವು. ಬಸ್ ಸ್ಟಾಂಡಿನ ಹತ್ತಿರ ಹೊಸತಾಗಿ ಒಂದು ವಿಡಿಯೋ ಗೇಮ್ ಅಂಗಡಿ ಆಗಿತ್ತು. ಒಳಗೆ ಕಾಲೇಜು ಹುಡುಗರು ತುಂಬಿದ್ದರು, ಪೆಟ್ಟಿಗೆಗಳಿಂದ ಟುಯ್ ಟುಯ್ ಎಂದು ಶಬ್ದ. ನಿಮ್ಮ ಅಮ್ಮ ನನ್ನ ಕೈ ಬಿಡಿಸಿಕೊಂಡು ಬಾಗಿಲಿಗೆ ಹೋದಳು. ಅಂಗಡಿಯವ ನಗುತ್ತಲೇ ಹೇಳಿದ, "ಮಗೂ, ಇದು ಹುಡುಗರ ಜಾಗ. ನಿನಗೆ ಆಚೆ ಅಂಗಡಿಯಲ್ಲಿ ಬಳೆ ಉಂಟು." ಅವಳು ಬಳೆ ಅಂಗಡಿಯ ಕಡೆ ನೋಡಲೇ ಇಲ್ಲ. ಉಡುಪಿ ದಾಟುವವರೆಗೂ ಬಸ್ಸಿನ ಕಿಟಕಿಗೆ ಸಪ್ಪೆ ಮುಖ ಒರಗಿಸಿ ಕೂತಳು.

ಮರುವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಗಲ್ಫಿನಿಂದ ನನ್ನ ತಮ್ಮ ಬಂದ. ಸೆಂಟು, ಟಾರ್ಚು, ಸೀರೆಗಳ ಜೊತೆ ಒಂದು ಟಿ.ವಿ. ಗೇಮ್ ತಂದಿದ್ದ. ಟಿ.ವಿ.ಗೆ ಸಿಕ್ಕಿಸಿದರೆ ಎರಡು ಬದಿಯಲ್ಲಿ ಎರಡು ಬಿಳಿ ಪಟ್ಟಿ, ನಡುವೆ ಪುಟಿಯುವ ಒಂದು ಚುಕ್ಕೆ. ಇಬ್ಬರು ಕೂತು ತಿರುಗಣೆ ತಿರುಗಿಸಿ ಚುಕ್ಕೆಯನ್ನು ಆಚೀಚೆ ಹೊಡೆಯಬೇಕು. ಅಷ್ಟೇ ಆಟ. ನಿಮಗೆ ನಗು ಬರಬಹುದು. ಆದರೆ ಅದನ್ನು ನೋಡಲು ನೆರೆಮನೆಯ ಹುಡುಗರೆಲ್ಲ ಮಳೆಯಲ್ಲಿ ನೆನೆದು ಬಂದರು.

ಎರಡು ಮೂರು ದಿನ ಹೀಗೇ ನಡೆಯಿತು. ಹುಡುಗರು ಆಡಿದರು, ನಿಮ್ಮ ಅಮ್ಮ ಹಲಸಿನ ಹಪ್ಪಳದ ತಟ್ಟೆ ಹಿಡಿದು ಬಂದಳು, ಹೋದಳು. ಪ್ರತಿ ಸಲ ಟಿ.ವಿ.ಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಕೊನೆಗೆ ಕೇಳಿಯೇ ಬಿಟ್ಟಳು.

"ಮಾವಾ, ನನಗೊಂದು ಆಟ ಕೊಡಿ."

"ನಿನಗೆಂತಕ್ಕೆ ಮಾರಾಯ್ತಿ? ನಿನಗೆ ಫ್ರಾಕು ತಂದಿದ್ದೇನಲ್ಲ," ಎಂದ ನನ್ನ ತಮ್ಮ. ಆಟದ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ತೋರಿಸಿದ. "ನೋಡು, ಚಿತ್ರದಲ್ಲೇ ಉಂಟು. ಆಡುವುದು ಅಪ್ಪ ಮತ್ತು ಮಗ. ಅಮ್ಮ ಮತ್ತು ಮಗಳು ಹಿಂದೆ ನಿಂತು ಚಪ್ಪಾಳೆ ಹೊಡೆಯುವುದು."

ಹುಡುಗರು ಹೋ ಎಂದು ನಕ್ಕರು. "ನೀನು ಹಪ್ಪಳ ತಾ, ನಾವು ಆಡ್ತೇವೆ," ಎಂದ ಒಬ್ಬ.

ನಿಮ್ಮ ಅಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. "ನನಗೆ ಬರುವುದಿಲ್ಲ ಅಂತ ನೀವು ಕೊಡದೇ ಇರುವುದಲ್ಲ. ಹೆಣ್ಣು ಅಂತ ಕೊಡದೇ ಇರುವುದು. ಮಣಿಪಾಲದ ಅಂಗಡಿಯವನ ಹಾಗೆಯೇ ನೀವೂ."

ತಮ್ಮನ ಮುಖ ಕೆಂಪಾಯಿತು. "ಕೇಳಿದೆಯಾ ಅಕ್ಕಾ? ಅಷ್ಟು ದೂರದಿಂದ ಹೊತ್ತು ತಂದವನಿಗೆ ಸಿಗುವ ಮರ್ಯಾದೆ! ಮಗಳಿಗೆ ಸ್ವಲ್ಪ ಬುದ್ಧಿ ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಮಗಳೂ ನೋಡಿದಳು. ಬಸ್ಸಿನ ಕಿಟಕಿಯಲ್ಲಿ ಕಂಡಿದ್ದ ಅದೇ ಮುಖ. ಈಗ ನಾನು "ಒಳಗೆ ಬಾ" ಎಂದರೆ ಇವಳು ಇನ್ನು ಯಾವ ಆಟವನ್ನೂ ಕೇಳುವುದಿಲ್ಲ ಎಂದು ಅನಿಸಿತು. ಅತ್ತಿತ್ತ ನೋಡಿದಾಗ ಮೂಲೆಯಲ್ಲಿ ಚೆನ್ನೆಮಣೆ ಕಣ್ಣಿಗೆ ಬಿತ್ತು. ಅದು ನಮ್ಮ ಮನೆಯಲ್ಲಿ ಆಟಿಯಲ್ಲಿ ಮಾತ್ರ ಅಟ್ಟದಿಂದ ಇಳಿಯುವುದು. ಮಳೆಗೆ ಗದ್ದೆ ಕೆಲಸ ನಿಂತಾಗ ಮಣೆಯ ಗುಳಿಗಳಿಗೆ ಕೆಂಪು ಬೀಜ ಹಾಕಿ ಎಲ್ಲರೂ ಆಡುವುದು.

"ಚೆನ್ನೆಗೆ ಒಂದು ಕ್ರಮ ಉಂಟಲ್ಲ," ಎಂದೆ. ಮಣೆಯ ಕಡೆ ಕೈ ತೋರಿಸಿದೆ. "ಸೋತವರು ಏಳಬೇಕು, ಕಾದವರು ಕೂರಬೇಕು. ಗಂಡೋ ಹೆಣ್ಣೋ ಅಂತ ಮಣೆ ಕೇಳುವುದಿಲ್ಲ. ಇದೂ ಆಟಿಯ ಆಟವೇ ಅಲ್ವಾ ತಮ್ಮ?"

ಎಲೆ ಅಡಿಕೆ ಹಾಕುತ್ತಿದ್ದ ನನ್ನ ಅಮ್ಮ ಅಲ್ಲಿಂದಲೇ, "ಅವಳು ಹೇಳಿದ್ದು ಸರಿ. ನನ್ನ ಮನೆಯಲ್ಲಿ ನನ್ನ ಕ್ರಮ. ಪೆಟ್ಟಿಗೆಯ ಚಿತ್ರದ್ದಲ್ಲ," ಎಂದರು. ತಮ್ಮ ರಟ್ಟಿನ ಪೆಟ್ಟಿಗೆಯನ್ನು ಬದಿಗಿಟ್ಟ.

ನಿಮ್ಮ ಅಮ್ಮ ಕೂತಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸೋತಳು! ಹುಡುಗರ ನಗು ಹೇಳಿ ಸುಖವಿಲ್ಲ. ಆದರೆ ಅವಳು ಅಳಲಿಲ್ಲ, ಎದ್ದು ಸಾಲಿನ ಕೊನೆಗೆ ಹೋದಳು. ಕ್ರಮ ಅಂದರೆ ಕ್ರಮ. ಅವಳ ಸರದಿ ಮತ್ತೆ ಬಂತು, ಮತ್ತೆ ಸೋತಳು. ಎರಡು ದಿನ ಹೀಗೇ. ಅವಳ ಅಣ್ಣನೇ ಕೊನೆಗೆ ತಡೆಯದೆ, "ಚುಕ್ಕೆ ಬಂದ ಮೇಲೆ ಓಡಬೇಡ, ಬರುವ ಮೊದಲೇ ಅಲ್ಲಿ ಇರು," ಎಂದು ಹೇಳಿಕೊಟ್ಟ. ಆ ಮೇಲೆ ಅವಳನ್ನು ಎಬ್ಬಿಸುವುದು ಸುಲಭವಾಗಲಿಲ್ಲ. ಒಂದು ಸಂಜೆ ಮಾವನೇ ಎದುರು ಕೂತು ಸೋತ. ಸೋತರೂ ಕೂತೇ ಇದ್ದ.

"ಮಾವಾ, ಏಳಿ."

"ಇನ್ನೊಂದು ಆಟ ಮಾರಾಯ್ತಿ."

"ಕಾದವರಿದ್ದಾರೆ ಮಾವಾ."

ಅವನು ಪಂಚೆ ಕೊಡವಿ ಎದ್ದ. ಮುಂದಿನ ಆಟಕ್ಕೆ ಹಪ್ಪಳದ ತಟ್ಟೆ ತಂದವನು ಅವನೇ. ಯಾರೂ ಹೇಳಿರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಬೆಳಿಗ್ಗೆ ನನ್ನ ಅಮ್ಮ ಚೆನ್ನೆಮಣೆಯ ಜೊತೆ ಟಿ.ವಿ. ಗೇಮನ್ನೂ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. "ಆಟಿಯ ಆಟ ಅಂತ ನೀನೇ ಹೇಳಿದ್ದಲ್ವಾ?" ಎಂದು ನನ್ನನ್ನೇ ಕೇಳಿದರು. ಹುಡುಗರು, ನಿಮ್ಮ ಅಮ್ಮ, ಎಲ್ಲ ಸೇರಿ ಗೋಗರೆದರು. ರಜೆ ಮುಗಿಸಿ ಹೊರಟಿದ್ದ ತಮ್ಮನೂ, "ಅಮ್ಮಾ, ಇದು ಹಾಗಲ್ಲ," ಎಂದ. ಅಮ್ಮ ಕೇಳಲಿಲ್ಲ. ಮೊನ್ನೆಯವರೆಗೆ ಜಗಳವಾಡಿದವರು ಅಟ್ಟದ ಕೆಳಗೆ ಒಟ್ಟಿಗೆ ಮೇಲೆ ನೋಡುತ್ತ ನಿಂತದ್ದು ಈಗಲೂ ನನ್ನ ಕಣ್ಣೆದುರಿದೆ.

ಮುಂದಿನ ಆಟಿಯಲ್ಲಿ ಅದು ಇಳಿದಾಗ ಬೂಷ್ಟು ಹಿಡಿದಿತ್ತು. ಒರೆಸಿ ಒಣಗಿಸಿ ಸಿಕ್ಕಿಸಿದೆವು, ಚುಕ್ಕೆ ಪುಟಿಯಿತು. ಆ ವರ್ಷ ನೆರೆಮನೆಯ ಹುಡುಗಿಯರೂ ಬಂದರು. ಹಿಂದಿನ ವರ್ಷ ಹಪ್ಪಳ ತಾ ಎಂದಿದ್ದ ಹುಡುಗನೇ ಅವರಿಗೆ ಹೇಳಿದ, "ಇಲ್ಲಿ ಸೋತವರು ಏಳಬೇಕು, ಆಯ್ತಾ? ಕ್ರಮ ಉಂಟು."

ಪುಟ್ಟಿ, ನಿನ್ನ ಆಟದಲ್ಲಿ ಎದುರಿನವರು ಎಲ್ಲಿಯವರೋ ನನಗೆ ತಿಳಿಯದು. ಅವರ ಮುಖ ನಿನಗೂ ಕಾಣುವುದಿಲ್ಲ. ಆದರೆ ಆ ಅಡುಗೆಮನೆಯ ಮಾತು ಕಲಿತ ಹುಡುಗರು ಅದನ್ನು ಮರೆಯುವುದನ್ನೂ ಕಲಿಯುತ್ತಾರೆ, ನಾನು ನೋಡಿದ್ದೇನೆ. ಮನಸ್ಸಾದ ದಿನ ನಿನ್ನ ಹೆಸರು ಹಾಕಿಕೊಂಡು ಆಡು. ಅಪ್ಪು, ಯಾರಾದರೂ ನಕ್ಕರೆ ನೀನು ಸುಮ್ಮನಿರಬೇಡ. ನಿನ್ನ ಮಾವ ಅಂದು ತನ್ನ ತಂಗಿಗೆ, ನಿಮ್ಮ ಅಮ್ಮನಿಗೆ, ಹೇಳಿಕೊಟ್ಟ ಹಾಗೆ ನೀನೂ ತಂಗಿಯ ಪಕ್ಕ ಕೂರು.

ಚೆನ್ನೆಮಣೆ ಈಗಲೂ ನಮ್ಮ ಅಟ್ಟದಲ್ಲಿದೆ. ಈ ಹಾಳೆಗಳನ್ನು ಅದರ ಬಟ್ಟೆಯೊಳಗೇ ಸುತ್ತಿ, ಬೂಷ್ಟು ಹಿಡಿಯದ ಹಾಗೆ ಜೋಪಾನವಾಗಿಡಿ. ಇವನ್ನು ಇಳಿಸಲು ಮಾತ್ರ ಆಟಿಗೆ ಕಾಯಬೇಕಾಗಿಲ್ಲ.