ವಾರಗಿತ್ತಿಯ ಓಟ್ಸ್ ಎಣ್ಣೆ

ಕುಂದಾಪುರದ ಹತ್ತಿರ ಕೋಡಿಯಲ್ಲಿರುವ ಗಂಡನ ಮನೆಗೆ ನಾನು ಬಂದದ್ದು ತೊಂಬತ್ತೇಳರಲ್ಲಿ. ನನಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನವೂ ಅಲ್ಲೇ ಆಯಿತು. ಶಿಶುವನ್ನು ಮೀಯಿಸುವುದನ್ನು ಅತ್ತೆ ಆಗ ಕಲಿಸಿಕೊಟ್ಟರು. ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಕೇಪಳದ ಹೂ ಹಾಕಿ ಕಾಯಿಸಿದ ತೆಂಗಿನೆಣ್ಣೆ ತಿಕ್ಕಬೇಕು. ಆಮೇಲೆ ಹಂಡೆಯ ಬಿಸಿನೀರು ಹೊಯ್ದು ಹೆಸರುಹಿಟ್ಟಿನಲ್ಲಿ ಎಣ್ಣೆ ತೆಗೆಯಬೇಕು.

ಬೇರೆ ಯಾವುದರಲ್ಲೂ ನಾನು ಹೇಳಿಕೊಳ್ಳುವಂಥವಳಲ್ಲ. ಅಡುಗೆ ಸಾಧಾರಣ. ಮೀನು ಮಾರಲು ಕೂತರೆ ಬಾಯಿ ಸಾಲದು. ಆದರೆ ನಾನು ಮೀಯಿಸಿದ ಮಗು ಮೂರು ಗಂಟೆ ಅಲುಗಾಡದೆ ನಿದ್ದೆ ಮಾಡುತ್ತಿತ್ತು. ಸುತ್ತಲಿನ ಮನೆಗಳಲ್ಲಿ ಹೆರಿಗೆಯಾದರೆ ನನಗೇ ಕರೆ ಬರುತ್ತಿತ್ತು. ಹನ್ನೆರಡು ವರ್ಷ ಹಾಗೇ ನಡೆಯಿತು.

ಆಮೇಲೆ ಮುಂಬಯಿಯಿಂದ ನನ್ನ ವಾರಗಿತ್ತಿ ಬಂದಳು. ಮೈದುನ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಅವನು ಹಡಗು ಹತ್ತಿದ ಮೇಲೆ, ಐದು ತಿಂಗಳ ಹೆಣ್ಣುಮಗು ಕಟ್ಟಿಕೊಂಡು ಒಬ್ಬಳೇ ಇರಲಾರದೆ ಊರಿಗೆ ಬಂದಿದ್ದಳು. ಅವಳು ಬರುವ ಮೊದಲೇ ನಾನು ಎಣ್ಣೆ ಕಾಯಿಸಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿ, ಸೀರೆ ಎತ್ತಿ ಕಟ್ಟಿ ಕೈ ಚಾಚಿದೆ.

"ತಾ ಹೆಣೆ, ಮಗೂನ್ ಕೊಡ್. ನಾ ಮೀಸ್ತೆ."

ಅವಳು ಮಗುವನ್ನು ಎದೆಗೆ ಇನ್ನೂ ಒತ್ತಿಕೊಂಡಳು. "ಬ್ಯಾಡ ಅಕ್ಕಾ. ಇದ್ರ್ ಚರ್ಮ ಸ್ವಲ್ಪ ತಕರಾರಿಂದ್. ತಿಕ್ಕೂಕಾಗ, ಬಿಸಿನೀರ್ ಆಗ ಅಂತ ಡಾಕ್ಟ್ರ್ ಹೇಳಿರ್."

ಮಗುವಿನ ಅಂಗಿ ಬಿಚ್ಚಿದಾಗ ಕಂಡೆ. ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ, ಕೆನ್ನೆಯಲ್ಲಿ ಕೆಂಪು ಒರಟು ಕಲೆ. ಅವಳು ಉಗುರುಬೆಚ್ಚಗಿನ ನೀರಿನಲ್ಲಿ ಮಗುವನ್ನು ಅದ್ದಿ ತೆಗೆದಂತೆ ಮಾಡಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆದಳು. ಮೈ ಇನ್ನೂ ಹಸಿ ಇರುವಾಗಲೇ ಸಣ್ಣ ಸೀಸೆಯೊಂದರಿಂದ ನಾಲ್ಕು ಹನಿ ಅಂಗೈಗೆ ಸುರಿದು ಸವರಿದಳು. ತಿಕ್ಕಲಿಲ್ಲ, ಹೂವಿಗೆ ನೀರು ಚಿಮುಕಿಸುವ ಹಾಗೆ ಬರೀ ಮುಟ್ಟಿದಳು.

"ಎಂತ ಎಣ್ಣಿ ಅದ್?" ಅತ್ತೆ ಕೇಳಿದರು.

"ಓಟ್ಸಿಂದ್ ಅತ್ತೆ. ಗೋಧಿ ಹಾಂಗಿಪ್ಪ ಒಂದ್ ಧಾನ್ಯ. ಚರ್ಮ ಒಣಗ್ದಿದ್ದಾಂಗ್ ಮಾಡತ್ತ್, ಉರಿ ಇಲ್ಲೆ. ಮೊದ್ಲ್ ಕೈಯಂಗೆ ಒಂಚೂರ್ ಹಚ್ಚಿ, ಎರಡ್ ದಿನ ಕಂಡೇ ಶುರು ಮಾಡದ್."

"ಕುದ್ರಿ ತಿಂಬುದಲ್ದಾ ಅದ್?" ಅಂದೆ ನಾನು. ನೋಡಲು ಬಂದಿದ್ದ ನೆರೆಮನೆಯವರು ನಕ್ಕರು. ವಾರಗಿತ್ತಿಯೂ ನಕ್ಕಳು. ಅವಳಿಗೆ ಸಿಟ್ಟು ಬರಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಅತ್ತೆಯಾದರೂ ನನ್ನ ಪರ ಮಾತಾಡಬಹುದು ಎಂದುಕೊಂಡಿದ್ದೆ. ಅವರು, "ಇರ್ಲಿ, ಹೆತ್ತವಳಿಗ್ ಗೊತ್ತಿರತ್ತ್" ಎಂದು ಒಳಗೆ ಹೋದರು.

ನಾನು ಹಂಡೆಯ ಬೆಂಕಿ ಹೊರಗೆಳೆದೆ. ಕಾದ ನೀರಿನಲ್ಲಿ ನಾನೇ ಮಿಂದೆ.

ಹದಿನೈದು ದಿನದಲ್ಲಿ ಮಗುವಿನ ಕೆನ್ನೆ ತಿಳಿಯಾಯಿತು. ಸಂತೋಷಪಡುವ ಬದಲು ನಾನು ಪ್ರತಿ ಬೆಳಿಗ್ಗೆ ಆ ಕೆನ್ನೆಯಲ್ಲಿ ಕೆಂಪು ಹುಡುಕುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಆ ಸೀಸೆ ಕಂಡರೆ ನನಗಾಗುತ್ತಿರಲಿಲ್ಲ. ಅವಳು ಉಳಿದ ಪಸೆಯನ್ನು ತನ್ನ ಮಣಿಕಟ್ಟಿಗೆ ಒರೆಸಿಕೊಳ್ಳುವುದನ್ನು ಕಂಡರೂ ಆಗುತ್ತಿರಲಿಲ್ಲ. ಒಮ್ಮೆ ಯಾರೂ ಇಲ್ಲದಾಗ ಮುಚ್ಚಳ ತೆಗೆದು ಮೂಸಿದೆ. ಹೇಳುವಂಥ ವಾಸನೆಯೇ ಇರಲಿಲ್ಲ. ವಾಸನೆ ಇಲ್ಲದ ಎಣ್ಣೆ ಎಂಥ ಎಣ್ಣೆ ಎಂದು ಗೊಣಗಿ ಮುಚ್ಚಿಟ್ಟೆ.

ಹೊಟ್ಟೆಗೆ ಬೆಂಕಿ ಬಿದ್ದದ್ದು ಮಾತ್ರ ನೆರೆಮನೆಯ ಸೊಸೆಯಿಂದ. ಅವಳ ಹಿರಿಯ ಮಗುವನ್ನು ನಲವತ್ತು ದಿನ ಮೀಯಿಸಿದವಳು ನಾನು. ಎರಡನೆಯದು ಹುಟ್ಟಿದಾಗ ಅವಳು ನಮ್ಮ ಅಂಗಳಕ್ಕೆ ಬಂದು, ನನ್ನ ಎದುರೇ ವಾರಗಿತ್ತಿಯನ್ನು ಕೇಳಿದಳು: "ಶಿಶು ಮೀಸುದ್ ಹ್ಯಾಂಗೆ ಅಂತ ಒಂಚೂರ್ ತೋರ್ಸಿ ಕೊಡ್ತ್ರಿಯಾ?"

ನಾನು ಮೀನು ಕೊಯ್ಯುತ್ತಿದ್ದೆ. ತಲೆ ಎತ್ತಲಿಲ್ಲ.

ಅದೇ ವಾರ ವಾರಗಿತ್ತಿಯ ಅಜ್ಜಿಗೆ ಹುಷಾರಿಲ್ಲ ಎಂದು ಬ್ರಹ್ಮಾವರದಿಂದ ಫೋನ್ ಬಂತು. ಮಗುವನ್ನು ಬಸ್ಸಿನ ಧೂಳು, ಬೆವರಿನಲ್ಲಿ ಕರೆದೊಯ್ಯುವುದು ಬೇಡ ಎಂದು ಅವಳು ನಮ್ಮಲ್ಲೇ ಬಿಟ್ಟಳು. "ಅಕ್ಕಾ, ಇವತ್ತ್ ಮೀಸುದ್ ಬ್ಯಾಡ. ತುರ್ಸ್‌ಕಂಡ್ರೆ ಎರಡ್ ಹನಿ ಹಚ್ಚಿ, ಸಾಕ್. ಸಂಜಿ ಒಳಗ್ ಬತ್ತೆ."

ಅವಳು ಹೋದ ಸ್ವಲ್ಪ ಹೊತ್ತಿಗೆ ಅತ್ತೆಯೂ ಪೇಟೆಗೆ ಹೊರಟರು. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದರು. ಮನೆಯಲ್ಲಿ ಉಳಿದದ್ದು ನಾನು, ಮಗು. ನಾನು ಹಂಡೆಗೆ ಬೆಂಕಿ ಹಾಕಿದೆ.

ನನ್ನ ಎಣ್ಣೆಯನ್ನೇ ತಿಕ್ಕಿದೆ. ನನ್ನ ಬಿಸಿನೀರನ್ನೇ ಹೊಯ್ದೆ. ಹೆಸರುಹಿಟ್ಟು ಹಾಕಿ ಮಡಿಕೆ ಮಡಿಕೆಯನ್ನೂ ಉಜ್ಜಿದೆ. ಮಗು ಮೊದಲು ಅತ್ತಿತು, ಆಮೇಲೆ ಸೋತು ನಿದ್ದೆಹೋಯಿತು. ತೊಟ್ಟಿಲ ಹತ್ತಿರ ಕೂತು ಹೊತ್ತು ನೋಡಿದೆ. ಒಂದು ಗಂಟೆ, ಎರಡು ಗಂಟೆ. ಗೆದ್ದೆ ಎಂದುಕೊಂಡೆ.

ಎದ್ದಾಗ ಮಗುವಿನ ಮೈಯೆಲ್ಲ ಕೆಂಪು. ಮೊಣಕೈ ಮಡಿಕೆಯಲ್ಲಿ ನೀರು ಒಸರುತ್ತಿತ್ತು. ಮುಖವನ್ನು ನನ್ನ ಭುಜಕ್ಕೆ ಉಜ್ಜಿ ಉಜ್ಜಿ ಅಳುತ್ತಿತ್ತು. ಗಾಬರಿಯಲ್ಲಿ ಆ ಸೀಸೆಯ ಎಣ್ಣೆಯನ್ನೇ ತಂದು ಸವರಿದೆ. ಅಷ್ಟರಲ್ಲಿ ವಾರಗಿತ್ತಿ ಗೇಟು ತೆಗೆದು ಒಳಗೆ ಬಂದಳು.

"ಎಂತ ಆಯ್ತ್ ಅಕ್ಕಾ? ಎಂತ ಹಚ್ಚಿರಿ?"

"ನೀ ಹೇಳದ್ ಎಣ್ಣಿಯೇ. ಮತ್ತೆಂತದ್ದೂ ಇಲ್ಲೆ."

ಸುಳ್ಳು ಅಷ್ಟು ಸುಲಭವಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಅವಳು ನನ್ನನ್ನು ಒಂದಿಷ್ಟೂ ಸಂಶಯಿಸಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಣ್ಣೆಯೇ ಕೆಟ್ಟಿರಬೇಕು, ಅಥವಾ ಮಗುವಿಗೆ ಅದು ಈಗ ಆಗುತ್ತಿಲ್ಲ ಎಂದು ತೀರ್ಮಾನಿಸಿ ಸೀಸೆಯನ್ನು ಕಪಾಟಿನ ಮೇಲೆ ಎಸೆದಂತೆ ಇಟ್ಟಳು.

ಎರಡು ದಿನ ಮಗುವಿಗೆ ಏನೂ ಹಚ್ಚಲಿಲ್ಲ. ಮಡಿಕೆಯ ಒಸರು ನಿಲ್ಲಲಿಲ್ಲ, ಉಳಿದ ಕಡೆ ಚರ್ಮ ಒಣಗಿ ಬಿರಿಯತೊಡಗಿತು. ಮೂರನೆಯ ಬೆಳಿಗ್ಗೆ ಅವಳು ಮಗುವನ್ನು ಎತ್ತಿಕೊಂಡು ಬಚ್ಚಲ ಬಾಗಿಲಿಗೆ ಬಂದಳು. ಕಣ್ಣು ಊದಿಕೊಂಡಿತ್ತು.

"ಅಕ್ಕಾ, ನಂಗ್ ಎಂತದ್ದೂ ಗೊತ್ತಾತಿಲ್ಲೆ. ನೀವ್ ಅಷ್ಟ್ ಮಕ್ಳನ್ ಮೀಸಿದ್ರಿ. ಇನ್ ನೀವೇ ಕಾಣಿ. ನಿಮ್ ಎಣ್ಣಿಯೇ ಹಚ್ಚಿ."

ಅಷ್ಟು ದಿನ ನಾನು ಬಯಸಿದ್ದು ಇದನ್ನೇ. ಅವಳೇ ಬಂದು ಕೊಡಬೇಕು, ನನ್ನ ಎಣ್ಣೆಯನ್ನೇ ಕೇಳಬೇಕು. ಮಗು ನನ್ನ ತೋಳಿಗೆ ಬಂತು. ಹಂಡೆಯ ಶಾಖಕ್ಕೋ ಏನೋ, ಚೀರಿ ಅಳತೊಡಗಿತು. ನನ್ನ ಕೈ ಏಳಲಿಲ್ಲ.

"ನಾನೇ ಮಾಡದ್ದ್" ಅಂದೆ. "ಆ ದಿನ ಮೀಸಿದೆ. ಬಿಸಿನೀರ್ ಹೊಯ್ದೆ, ಹಿಟ್ಟ್ ಹಾಕಿ ತಿಕ್ದೆ. ನಿನ್ ಎಣ್ಣಿದ್ ಎಂತ ತಪ್ಪಿಲ್ಲೆ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಯಾಕ್?" ಎಂದಷ್ಟೇ ಕೇಳಿದಳು.

"ಶಿಶು ಮೀಸುಕೆ ಎಲ್ಲರೂ ನಿನ್ನನ್ನೇ ಕೇಂತಿರ್. ತಡಿಯೂಕಾಯ್ಲಿಲ್ಲೆ."

ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು. ಆ ದಿನವೇ ಕುಂದಾಪುರದ ಚರ್ಮದ ಡಾಕ್ಟರಿಗೆ ತೋರಿಸಿದಳು. ನಾನೂ ಜೊತೆಗೆ ಹೋದೆ. ಬರಬೇಡಿ ಎಂದು ಅವಳು ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಡಾಕ್ಟರು ಕೆಂಪು ಇಳಿಯಲು ಮುಲಾಮು ಕೊಟ್ಟರು. ಓಟ್ಸ್ ಎಣ್ಣೆ ಕಾಯಿಲೆ ವಾಸಿ ಮಾಡುವ ಔಷಧಿಯಲ್ಲ, ಚರ್ಮದ ಪಸೆ ಹೋಗದಂತೆ ಕಾಯುವುದಷ್ಟೇ, ಈ ಮಗುವಿಗೆ ಒಗ್ಗಿದೆ, ಚರ್ಮದ ಒಸರು ನಿಂತ ಮೇಲೆ ಮತ್ತೆ ಹಚ್ಚಿ ಎಂದರು. ಅತ್ತೆಗೆ ಸಂಗತಿ ಗೊತ್ತಾದಾಗ ನನ್ನ ಮುಖ ನೋಡಿ, "ಇಷ್ಟ್ ವರ್ಷ ಆಯ್ತಲ್ದಾ ಹೆಣೆ ನಿಂಗೆ" ಅಂದರು. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಮುಂಬಯಿಗೆ ಮರಳುವವರೆಗೆ ಅವಳು ಮಗುವನ್ನು ನನ್ನೊಬ್ಬಳ ಬಳಿ ಬಿಡಲಿಲ್ಲ. ಬಾವಿಯಿಂದ ನೀರು ಸೇದಲು ಹೋದರೂ ಮಗು ಅವಳ ಸೊಂಟದಲ್ಲೇ. ನಾನು ಅದನ್ನು ನೋಡುತ್ತ ನೋಡುತ್ತ ಅಂಗಳ ಗುಡಿಸುತ್ತಿದ್ದೆ. ಮಾತಿಗೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ನಾನೂ ಕ್ಷಮೆ ಎಂಬ ಪದವನ್ನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಡೆ ಹಾಗೆ ಹೇಳುವ ರೂಢಿಯೂ ಇಲ್ಲ. ಅವಳಿಗಿಷ್ಟ ಎಂದು ಎರಡು ಸಲ ಮರುವಾಯಿ ಚಿಪ್ಪಿನ ಸುಕ್ಕ ಪಲ್ಯ ಮಾಡಿ ಬಡಿಸಿದೆ. ತಿಂದಳು.

ಮರುವರ್ಷ ಬಂದಾಗ ಮಗು ನಡೆಯುತ್ತಿತ್ತು. ಎರಡನೆಯ ದಿನ ಅವಳೇ ಸೀಸೆಯನ್ನು ನನ್ನ ಕೈಗಿಟ್ಟಳು. "ಅಕ್ಕಾ, ಇವತ್ತ್ ನೀವ್ ಮೀಸಿ. ನಾ ಇಲ್ಲೇ ನಿತ್ಕಂಬ್ತೆ."

ನಾನು ಮೊಣಕೈ ಅದ್ದಿ ನೀರಿನ ಬಿಸಿ ನೋಡಿದೆ. ಮೈಯನ್ನು ಬಟ್ಟೆಯಿಂದ ಒತ್ತಿ ತೆಗೆದೆ. ನಾಲ್ಕು ಹನಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಸವರಿದೆ. ತಿಕ್ಕದೆ ಸುಮ್ಮನೆ ಮುಟ್ಟುವುದು ನನ್ನ ಬೆರಳುಗಳಿಗೆ ಕಷ್ಟವೇ ಆಯಿತು. ಅವಳು ಬಚ್ಚಲ ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದಳು. ಎಲ್ಲ ಮುಗಿದ ಮೇಲೆ ಮಗು ನನ್ನ ಕಾಲ ಮೇಲಿಂದ ಇಳಿದು, ಮೈ ಮಿಂಚಿಸುತ್ತ, ನೇರ ಅಮ್ಮನ ಕಡೆಗೆ ಓಡಿತು. ನನಗೆ ಆಗಲೂ ಸ್ವಲ್ಪ ಹೊಟ್ಟೆ ಉರಿಯಿತು.