ಏಳು ಸಿಮ್ಮು, ಒಂದೇ ಹೆಸರು

ಆವತ್ತು ಉಚ್ಚಂಗೆಪ್ಪ ಕುರಿ ಬಿಟ್ಟು ಒಂದು ದಿನದ ಮಟ್ಟಿಗೆ ಮನೆಗೆ ಬಂದಿದ್ದ. ದ್ಯಾಮಕ್ಕ ಗಂಡನ ಬೆನ್ನು ತಿಕ್ಕಿ ತಲೆಗೆ ನೀರು ಹಾಕಿದಳು. ಎರಡು ರೊಟ್ಟಿ ಸಾಕು ಅಂದವನು ಐದು ತಿಂದ. ಉಣ್ಣುವಾಗಲೂ ಮೊಬೈಲು ತೊಡೆಯ ಮೇಲೇ ಇತ್ತು.

“ಅದನ್ನ ಕಟಗೊಂಡಿಯೋ, ನನ್ನ ಕಟಗೊಂಡಿಯೋ?” ಅಂದಳು.

“ಇದು ಬಯ್ಯಂಗಿಲ್ಲ ನೋಡು,” ಅಂದ. ಆಮೇಲೆ ನಗು ನಿಲ್ಲಿಸಿದ. “ಮತ್ತ ಏನೋ ಬರದಾರ ಇದರಾಗ. ಇದು ಮೂರನೇ ಸಲ.”

ಇಬ್ಬರಿಗೂ ಓದು ಬರದು. ಆದರೆ ಏನು ಬರೆದಿದೆ ಎಂದು ಗೊತ್ತಿತ್ತು. ಕಾನಹೊಸಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗುರುಬಸವರಾಜ ಮೊದಲೇ ಓದಿ ಹೇಳಿದ್ದ. ಯಾವ ಸಿಮ್ಮು ಯಾರದು ಎಂದು ಇನ್ನೊಮ್ಮೆ ತಪಾಸಣೆ ನಡೆದಿದೆ, ಕಾಗದ ಮತ್ತೆ ಕೊಡಬೇಕು, ಕೊಡದಿದ್ದರೆ ನಂಬರು ಬಂದ್.

ಉಚ್ಚಂಗೆಪ್ಪನ ಹೆಸರಲ್ಲಿ ಇದ್ದದ್ದು ಒಂದು ಸಿಮ್ಮಲ್ಲ, ಏಳು. ವೋಟಿನ ಕಾರ್ಡಿಗೆ ಫೋಟೋ ತೆಗೆಯುವವರು ಊರಿಗೆ ಬಂದಾಗ ಕುರಿಯವರು ಯಾರೂ ಊರಲ್ಲಿರಲಿಲ್ಲ. ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾ ಹೊಳೆ ಕಡೆ ಹೋಗಿದ್ದರು. ಇವನೊಬ್ಬ ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದ. ಇವನೊಬ್ಬನಿಗೇ ಕಾರ್ಡು ಸಿಕ್ಕಿತು. ಮುಂದೆ ಎಲ್ಲರೂ ಮೊಬೈಲು ಕೊಂಡರು. ತೋಳ ಬಂದರೆ, ಕಳ್ಳರು ಜೀಪು ತಂದರೆ ಹೇಳಬೇಕಲ್ಲ. ಸಿಮ್ಮಿಗೆ ಕಾರ್ಡು ಬೇಕು ಅಂದರು. “ನಂದೈತಲ್ಲ, ತಗೊಳ್ರಿ,” ಅಂದ ಉಚ್ಚಂಗೆಪ್ಪ. ಏಳು ಮಂದಿಯ ಕುರಿ ಒಂದೇ ಹಟ್ಟಿಯಲ್ಲಿ ಮಲಗುತ್ತವೆ, ಕಿವಿ ಕೊಯ್ದ ಗುರುತು ಮಾತ್ರ ಬೇರೆ ಬೇರೆ. ಸಿಮ್ಮೂ ಹಾಗೇ ಅಂದುಕೊಂಡ. ಏಳು ಅರ್ಜಿಗೂ ಹೆಬ್ಬೆಟ್ಟು ಒತ್ತಿದ. ಗುರುಬಸವರಾಜ ಬೇಡ ಅನ್ನಲಿಲ್ಲ. ನಗುನಗುತ್ತಾ ಏಳನ್ನೂ ಮಾರಿದ.

ಆ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಅವನ ಅಂಗಡಿಗೆ ಹೋದರು.

“ನೆಟ್ ಇಲ್ಲೋ ಉಚ್ಚಂಗಿ, ನಾಳಿ ಬಾ.”

“ಹೋದ ಸಲಾನೂ ಹಿಂಗ ಅಂದ್ರಿ. ನಾಳಿ ನಾ ಕುರ್ಯಾಗ ಇರ್ತೀನ್ರಿ ಸಾವ್ಕಾರ.”

“ಹಂಗಾರ ಕಾಗದ ಇಟ್ಟು ಹೋಗು. ನೆಟ್ ಬಂದ ಕೂಡ್ಲೇ ನಾನ ಕಳಿಸ್ತೀನಿ. ನಿನ್ನ ಫೋನು ಬಂದಾದ್ರ ನನ್ನ ಮೀಸಿ ಬೋಳ್ಸು.”

“ಇದ್ದರಲ್ಲೇನ್ರಿ ಬೋಳ್ಸಾದು?” ಅಂದಳು ದ್ಯಾಮಕ್ಕ. ಮೂವರೂ ನಕ್ಕರು.

ಉಚ್ಚಂಗೆಪ್ಪ ಕಾರ್ಡಿನ ಜೆರಾಕ್ಸ್ ಕೊಟ್ಟ, ಏಳು ಹೊಸ ಅರ್ಜಿಗೆ ಹೆಬ್ಬೆಟ್ಟು ಒತ್ತಿದ, ಬೆರಳನ್ನು ಕಂಬಳಿಗೆ ಒರೆಸಿಕೊಂಡು ಬಸ್ಸು ಹತ್ತಿದ.

ಆರನೇ ದಿನ ಬೆಳಗ್ಗೆ, ಕೋಗಳಿ ಹತ್ತಿರದ ಹೊಲದಲ್ಲಿ, ಹಟ್ಟಿಯ ಬಲೆಗೆ ಹೊಡೆದ ಗೂಟ ಕೀಳುವಾಗ ಅವನ ಕೈಗೆ ಹಾವು ಕಚ್ಚಿತು.

ಪಕ್ಕದಲ್ಲೇ ಇದ್ದವನು ಅಕ್ಕನ ಮಗ ಬೊಮ್ಮಯ್ಯ. ಉಳಿದ ಕುರಿಯವರೂ ಓಡಿ ಬಂದರು. ಕೋಗಳಿಯಲ್ಲಿ ಟಂಟಂ ಗಾಡಿ ಓಡಿಸುವವನ ನಂಬರು ಎಲ್ಲರ ಮೊಬೈಲಲ್ಲೂ ಇತ್ತು. ಬೊಮ್ಮಯ್ಯ ಒತ್ತಿದ. ಸಿಗ್ನಲಿನ ಕಡ್ಡಿಗಳು ಪೂರಾ ಇದ್ದವು. ನಿಮ್ಮ ಸೇವೆ ತಡೆಹಿಡಿಯಲಾಗಿದೆ ಅಂತ ಒಬ್ಬ ಹೆಂಗಸು ಸಕ್ಕರೆಯಂಥ ದನಿಯಲ್ಲಿ ಹೇಳಿದಳು. ಇನ್ನೊಬ್ಬನದು ಕಸಿದುಕೊಂಡ. ಅದೇ ಹೆಂಗಸು. ಉಚ್ಚಂಗೆಪ್ಪ ಬದುವಿಗೆ ಒರಗಿ ಕೂತಿದ್ದ. ಕಣ್ಣು ಜೋಲುತ್ತಿದ್ದವು.

“ಇನ್ನೊಂದು ನೋಡಲೇ.”

“ಎಲ್ಲಾ ಹಂಗ ಅಂತಾವ ಮಾವ.”

“ಎಲ್ಲಾ ನನ್ನವ ಅಲ್ಲೇನಲೇ,” ಅಂದ.

ಬೊಮ್ಮಯ್ಯ ರಸ್ತೆಗೆ ಓಡಿದ. ಮೂರು ಮೈಲಿ. ಗಾಡಿ ಹಿಡಿದು ಬಂದು, ಅವನನ್ನು ಹೊತ್ತು ಹಗರಿಬೊಮ್ಮನಹಳ್ಳಿ ಮುಟ್ಟುವ ಹೊತ್ತಿಗೆ ಉಸಿರಿರಲಿಲ್ಲ. ಇನ್ನೊಂದು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು.

ಆ ಒಂದು ತಾಸು ದ್ಯಾಮಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಅದೇ ಬೆಳಗ್ಗೆ ಅವಳೂ ಊರ ಕಾಯಿನ್ ಫೋನಿನಿಂದ ಅವನ ನಂಬರಿಗೆ ಹಚ್ಚಿದ್ದಳು. ಹೋಗಲಿಲ್ಲ. ಚಾರ್ಜು ಹಾಕಿಲ್ಲ ಹಾಳಾದವನು ಎಂದು ಬೈದು ಮನೆಗೆ ಬಂದಿದ್ದಳು.

ಗಂಡನ ದಿನಕರ್ಮ ಮುಗಿದ ಮರುದಿನವೇ ಅಂಗಡಿಗೆ ಹೊರಟಳು. ಗಂಡ ಸತ್ತ ಹೆಂಗಸು ಇಷ್ಟು ಬೇಗ ಹೊಸ್ತಿಲು ದಾಟಬಾರದು ಅಂದರು ಮಂದಿ. ದಾಟಿದಳು.

“ನೆಟ್ ಇರ್ಲಿಲ್ಲವ್ವಾ,” ಅಂದ ಗುರುಬಸವರಾಜ. “ಮೂರು ದಿನ ಲೈನ್ ಕಟ್ಟಾಗಿತ್ತು. ನಾ ಏನು ಮಾಡ್ಲಿ?”

“ನಾಲ್ಕನೇ ದಿನ?”

ಅವನು ಕೌಂಟರಿನ ಗಾಜು ಒರೆಸತೊಡಗಿದ.

“ಕಾಗದ ತೋರ್ಸು.”

ಅಂಗಡಿಯಲ್ಲಿ ನಾಲ್ಕು ಮಂದಿ ಇದ್ದರು. ಡ್ರಾ ಎಳೆಯದೆ ಬೇರೆ ದಾರಿ ಇರಲಿಲ್ಲ. ರೀಚಾರ್ಜ್ ಕಾರ್ಡುಗಳ ಕೆಳಗೆ ಏಳು ಅರ್ಜಿ, ಏಳು ಹೆಬ್ಬೆಟ್ಟು. ಮೇಲಿನದರ ಮೇಲೆ ಚಹಾ ಕಪ್ಪಿನ ಗುಂಡನೆಯ ಕಲೆ. ಕಳಿಸಲು ನೆನಪೇ ಆಗಿರಲಿಲ್ಲ ಅವನಿಗೆ.

“ತಪ್ಪು ಅವಂದೂ ಐತವ್ವ. ಒಬ್ಬನ ಹೆಸರಿಗೆ ಏಳು ಸಿಮ್ಮು ಅಂದ್ರ? ಬಾಂಬ್ ಇಡೋರು ಹಿಂಗ ಮಾಡ್ತಾರಂತ ಬಿಗಿ ಮಾಡ್ಯಾರ. ದೇಶದ ಭದ್ರತಿ ಮಾತಿದು.”

“ಏಳು ತಗೊಂಡಾವ ತಪ್ಪು ಮಾಡ್ದ. ಏಳು ಮಾರಿದಾವ ಏನು ಮಾಡ್ದ?”

“ಸಿಟ್ಟಾಗಬ್ಯಾಡ ದ್ಯಾಮವ್ವ. ಎಲ್ಲಾ ದೇವರ ಇಚ್ಛಾ.”

“ಡ್ರಾ ಇದ್ದದ್ದು ದೇವರ ಅಂಗಡ್ಯಾಗಲ್ಲ. ನಿನ್ನ ಅಂಗಡ್ಯಾಗ.”

ಅರ್ಜಿಗಳನ್ನು ಅವನ ಕೈಯಿಂದ ಕಿತ್ತುಕೊಂಡಳು. ಅಲ್ಲಿಂದಲೇ ಕಂಪನಿಯ ನಂಬರಿಗೆ ಹಚ್ಚು ಅಂದಳು. ಹಚ್ಚಿ ಕೊಟ್ಟ. ಅದು ಒತ್ತಿ, ಇದು ಒತ್ತಿ ಎಂದು ಬಹಳ ಹೊತ್ತು ನಿಲ್ಲಿಸಿ ಆಮೇಲೆ ಒಬ್ಬ ಮಾತಾಡಿದ. ಸಿಮ್ಮು ಯಾರ ಹೆಸರಲ್ಲಿದೆಯೋ ಅವರೇ ಮಾತಾಡಬೇಕು ಅಂದ.

“ಅವನು ಮಣ್ಣಾಗ ಅದಾನ. ಅಲ್ಲಿಗೆ ಹಚ್ಚು,” ಅಂದಳು. ಲೈನು ಕಟ್ಟಾಯಿತು.

ಗುರುಬಸವರಾಜನಿಗೆ ಏನೂ ಆಗಲಿಲ್ಲ. ಅಂಗಡಿ ಇನ್ನೂ ಇದೆ. ಅದರ ಮುಂದೆ ಬಸ್ಸಿಗೆ ನಿಂತಾಗ ದ್ಯಾಮಕ್ಕ ಮುಖ ತಿರುಗಿಸುವುದಿಲ್ಲ. ನೆಟ್ಟಗೆ ಅವನನ್ನೇ ನೋಡುತ್ತಾಳೆ. ಅವನು ಒಳಗೆ ಹೋಗುತ್ತಾನೆ.

ಉಳಿದ ಆರು ಮಂದಿಯನ್ನು ಅವಳು ಬಿಡಲಿಲ್ಲ. ಕುರಿ ಯಾರು ನೋಡ್ತಾರೆ ಅಂದವರಿಗೆ ನಾನು ನೋಡ್ತೀನಿ ಅಂದಳು. ಒಬ್ಬೊಬ್ಬರನ್ನೇ ಕೂಡ್ಲಿಗಿಗೆ ಅಟ್ಟಿ, ಸಾಲಲ್ಲಿ ನಿಲ್ಲಿಸಿ ಕಾರ್ಡು ಮಾಡಿಸಿದಳು. ಈಗ ಎಲ್ಲರ ಸಿಮ್ಮೂ ಅವರವರ ಹೆಸರಲ್ಲೇ ಇವೆ. ಅವಳೂ ಒಂದು ಮೊಬೈಲು ತಗೊಂಡಳು.

ದಿನಾ ಬೆಳಗ್ಗೆ ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ ಹೊಸ್ತಿಲಲ್ಲಿ ಕೂರುತ್ತಾಳೆ. ಆರು ಮಂದಿಗೂ ಮಿಸ್ ಕಾಲ್ ಕೊಡುತ್ತಾಳೆ. ಹೆಸರು ಓದಲು ಬರದು, ಗುಂಡಿ ಎಷ್ಟು ಸಲ ಒತ್ತಿದರೆ ಯಾರು ಎಂಬುದು ಬೆರಳಿಗೆ ಗೊತ್ತು. ಅವರು ವಾಪಸ್ ಮಿಸ್ ಕಾಲ್ ಕೊಡಬೇಕು, ಅವರ ಮೊಬೈಲಿನಿಂದ ಕರೆ ಹೊರಡುತ್ತದೆ ಎಂದು ಅವಳಿಗೆ ಖಾತ್ರಿಯಾಗಬೇಕು. ಐವರದು ಬೇಗ ಬರುತ್ತದೆ. ಬೊಮ್ಮಯ್ಯ ಯಾವಾಗಲೂ ತಡ. ಅವನದು ಬರುವವರೆಗೆ ಒಲೆಗೆ ಕಡ್ಡಿ ಗೀರುವುದಿಲ್ಲ.