ಎಲೆ ಕಿತ್ತ ಸೇಬಿನ ಗಿಡಗಳು

ದೊಡ್ಡ ತಮ್ಮಾ, ಸಣ್ಣವ್ವಾ, ಬೇಸಿಗೆ ಸೂಟಿ ಮುಗಿಯುವ ಹೊತ್ತಿಗೆ ದುಮ್ಮವಾಡದ ಹೊಲದಲ್ಲಿ ನೀವು ಹಣ್ಣು ಹರಿದು ತಿಂದಿರಲ್ಲ, ಆ ಸೇಬಿನ ಗಿಡಗಳು ಹೇಗೆ ಉಳಿದವು ಎಂದು ಕೇಳಿದ್ದಿರಿ. ಮಂದಿ ಕೂತಾಗ ನನಗೆ ಮಾತು ಹೊರಡುವುದಿಲ್ಲ. ಬರೆಯುವುದು ಸರಳ. ನಮ್ಮೂರ ಕನ್ನಡ ಶಾಲೆಯಲ್ಲಿ ಕಲಿತದ್ದು ಇಷ್ಟಕ್ಕೆ ಸಾಕು.

ಗಿಡ ತಂದವರು ನಿಮ್ಮ ಅಜ್ಜ, ನನ್ನ ಯಜಮಾನರು. ರೈತರ ಜೊತೆ ಹಿಮಾಚಲದ ಕಡೆ ಪ್ರವಾಸ ಹೋಗಿ ಬಂದ ಮೇಲೆ ಅವರಿಗೆ ಸೇಬಿನ ಹುಚ್ಚು ಹತ್ತಿತು. ನಮ್ಮ ಬಿಸಿಲಿಗೂ ತಾಳುವ ಜಾತಿಯ ಸಸಿ ಬೆಳೆಸುವವರೊಬ್ಬರನ್ನು ಹುಡುಕಿ, ಅವರಿಂದ ತಂದು, ಗುಡ್ಡದ ಬಾಜು ಇರುವ ಕೆಂಪು ಮಣ್ಣಿನ ತುಂಡಿನಲ್ಲಿ ಹಚ್ಚಿದರು. ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಹಾಕಬಾರದು, ಔಷಧ ಹೊಡೆಯಬಾರದು ಎಂಬುದು ಅವರ ಹಟ. ಎರಡು ಮಳೆಗಾಲ ಕಳೆದ ಮೇಲೆ ಅವರು ತೀರಿಕೊಂಡರು. ಗಿಡ ನೋಡುವ ಕೆಲಸ ನನಗೆ ಬಂತು.

ಆಕಳ ಸಗಣಿ, ಗಂಜಲ, ಬೆಲ್ಲ, ಕಡಲೆ ಹಿಟ್ಟು ಡ್ರಮ್ಮಿನಲ್ಲಿ ಕಲಸಿ ಕೊಳೆಹಾಕಿ ಬುಡಕ್ಕೆ ಸುರಿಯುತ್ತಿದ್ದೆ. ಬೋರಿನ ನೀರನ್ನು ಚಳಿಗಾಲದಲ್ಲೂ ತಪ್ಪಿಸಲಿಲ್ಲ. ಗಂಡ ಹಚ್ಚಿದ ಗಿಡ ಒಣಗಿಸಿದಳು ಎಂದು ಮಂದಿ ಅಂದಾರು ಎಂಬ ಅಂಜಿಕೆ. ಗಿಡ ಹಸಿರಾಗಿ ಬೆಳೆದವು. ಹೂ ಮಾತ್ರ ಒಂದೂ ಬಿಡಲಿಲ್ಲ.

ಹೊಲ ಇನ್ನೂ ಪಾಲಾಗದೆ ಕೂಡಿಯೇ ಇದೆ. ನನ್ನ ಮೈದುನ, ಅಂದರೆ ನಿಮ್ಮ ಸಣ್ಣಜ್ಜ, ಒಂದು ದಿನ ಊಟಕ್ಕೆ ಕೂತಾಗ ಹೇಳಿದ.

"ವೈನಿ, ಯುಗಾದಿತನಕಾ ನೋಡ್ತೀನಿ. ಹೂ ಕಾಣಲಿಲ್ಲಂದ್ರ ಕಿತ್ತು ಗೋವಿನಜೋಳ ಹಾಕೂದ. ಬರೇ ಎಲಿ ತಿನ್ನಾಕ ನಾವೇನು ಆಡ ಅದೀವೇನ್ರಿ?"

ನಾನು "ಆತು" ಎಂದೆ. ಅವನ ಮಾತು ಅನ್ಯಾಯದ್ದಲ್ಲ. ಆದರೆ ಆ ತುಂಡು ಹೋದರೆ ಹೊಲಕ್ಕೆ ಹೋಗಲು ನನಗೆ ಬೇರೆ ಕಾರಣವಿರಲಿಲ್ಲ. ಇಡೀ ದಿನ ಒಲೆಯ ಮುಂದೆ ಇರಬೇಕಾಗುತ್ತಿತ್ತು.

ಮರುದಿನ ಸಸಿ ಕೊಟ್ಟವರಿಗೆ ಫೋನು ಮಾಡಿದೆ. ಪರಗಂಡಸರ ಜೊತೆ ನಾನಾಗಿ ಮಾತಾಡಿದವಳಲ್ಲ. ನೆಗೆಣ್ಣಿ, ಮೈದುನನ ಹೆಂಡತಿ, ನಂಬರು ಒತ್ತಿ ನನ್ನ ಕಿವಿಗೇ ಹಿಡಿದಳು. ಗಿಡ ಹೂ ಬಿಟ್ಟಿಲ್ಲವೆಂದೆ.

"ಎಲಿ ಉದುರ್ಯಾವೇನ್ರಿ?" ಎಂದು ಅವರು ಕೇಳಿದರು.

"ಇಲ್ರಿ. ಅಗದಿ ಹಸರ ಅದಾವ್ರಿ."

"ಅಲ್ಲೇ ತಪ್ಪೇತಿ ಅವ್ವಾರ. ಗುಡ್ಡದ ನಾಡಿನಾಗ ಚಳಿಗೆ ಎಲಿ ಉದುರಿ ಗಿಡ ಮಲಗ್ತೈತಿ. ಎದ್ದ ಮ್ಯಾಲೆ ಹೂ. ನೀವು ಅದಕ್ಕ ಕಣ್ಣ ಮುಚ್ಚಾಕ ಬಿಟ್ಟಿಲ್ಲ. ನೀರು ನಿಲ್ಲಸ್ರಿ, ಎಲಿ ಎಲ್ಲಾ ಕೈಲೆ ತಗೀರಿ. ತೊಟ್ಟು ಬಿಟ್ಟು ಎಲಿ ಅಷ್ಟ ಚಿವುಟ್ರಿ, ತೊಟ್ಟಿನ ಬುಡದ ಮೊಗ್ಗಿ ಹರೀಬಾರ್ದು."

ಆಗ ಎಳ್ಳ ಅಮಾವಾಸ್ಯೆ ಹತ್ತಿರವಿತ್ತು. ಆ ದಿನ ನಾವು ಹೊಲವನ್ನು ಬಸುರಿ ಎಂದು ತಿಳಿದು ಚರಗ ಚೆಲ್ಲುತ್ತೇವೆ. ಕಡುಬು, ಪಲ್ಯ, ಅನ್ನ ಕಲಸಿ ಹೊಲದ ತುಂಬ ತೂರುತ್ತೇವೆ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳಿಗೆ ಎಲೆ ಕೀಳಿರೆಂದರೆ ಯಾರೂ ಏಳಲಿಲ್ಲ. ಅವರಲ್ಲಿ ಹಿರಿಯಳು ಕುಡುಗೋಲು ಕೆಳಗಿಟ್ಟಳು.

"ಬಸುರಿ ಮೈಮ್ಯಾಗಿನ ಸೀರಿ ಸೆಳದಂಗ ಆಕ್ಕೈತಿ. ನಾ ಮುಟ್ಟೂದಿಲ್ಲವ್ವಾ. ಕೂಲಿ ಕೊಡೂದಿಲ್ಲಂದ್ರೂ ಅಡ್ಡಿಯಿಲ್ಲ."

ನಾನೊಬ್ಬಳೇ ಶುರು ಮಾಡಿದೆ. ಮಧ್ಯಾಹ್ನ ನೆಗೆಣ್ಣಿ ಬುತ್ತಿ ತಂದವಳು ಸೆರಗು ಸಿಗಿಸಿ ನನ್ನ ಪಕ್ಕಕ್ಕೆ ನಿಂತಳು.

"ನಿನಗ ಪಾಪ ಬರೂದಿಲ್ಲೇನ?" ಎಂದೆ.

"ಬರಲಿ ಅಕ್ಕಾರ. ನಿಮ್ಮ ಮೈದುನ ಲಗ್ನ ಆದಾಗಿಂದ ಒಂದ ಮಾತಿಗೂ ಸೋತಿಲ್ಲ. ಸತ್ತ ಹೋಗೂದರಾಗ ಒಮ್ಮೆ ಸೋತದ್ದ ನೋಡಬೇಕಲ್ಲ."

ಬೆರಳು ಕಪ್ಪಾಗುವ ತನಕ ಚಿವುಟಿದೆವು. ಕೊನೆಯ ಸಾಲಿಗೆ ಬಂದಾಗ ಅವಳೇ ಕೈ ಹಿಂದೆಗೆದಳು. "ಇದೊಂದು ಸಾಲ ಇರಲಿ. ಎಲ್ಲಾ ಪಾಪ ನಾವ ಯಾಕ ಕಟಗೊಳ್ಳೂದು?" ನನಗೂ ಅದು ಸರಿ ಅನ್ನಿಸಿತು.

ಹಬ್ಬದ ದಿನ ಮೈದುನ ಬುಟ್ಟಿ ಹಿಡಿದು ಚರಗ ಚೆಲ್ಲುತ್ತ ಬಂದ. ಎಲೆಯಿದ್ದ ಸಾಲಿಗೆ ಧಾರಾಳ ತೂರಿದ. ಉಳಿದ ಗಿಡಗಳ ಮುಂದೆ ಕೈ ತಡೆದ.

"ಕಟಗಿಗೆ ಏನ್ ಕಡಬು ಹಾಕೂದ್ರಿ?"

ಕೂಡಿದವರೆಲ್ಲ ನಕ್ಕರು. ಅವನು ಆ ತುಂಡು ಬಿಟ್ಟು ಮುಂದೆ ಹೋದ. ನಾನು ಊಟಕ್ಕೆ ಎಲೆ ಹಾಸಿದೆ.

ಆಮೇಲೆ, ನಿಲ್ಲಿಸಿದ್ದ ನೀರನ್ನು ಮತ್ತೆ ಹಾಯಿಸಿದೆವು. ಬಹಳ ದಿನ ಏನೂ ಆಗಲಿಲ್ಲ. ಗಿಡಗಳು ನೆಟ್ಟ ಕೋಲಿನಂತೆ ನಿಂತಿದ್ದವು. ಸತ್ತವೇನೋ ಎಂದು ಒಂದು ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದೆ; ಒಳಗೆ ಹಸಿಯಿತ್ತು. ಮುಂದೆ ಗಂಟುಗಳು ಉಬ್ಬಿದವು, ಒಡೆದವು. ಮೊಗ್ಗು ಗುಲಾಬಿ, ಅರಳಿದ ಮೇಲೆ ಬಿಳಿ. ಎಲೆ ಉಳಿಸಿದ ಸಾಲಿನಲ್ಲಿ ಒಂದೂ ಹೂವಿರಲಿಲ್ಲ.

ಯುಗಾದಿ ಇನ್ನೂ ದೂರವಿತ್ತು. ಮೈದುನ ತಾನಾಗಿ ನೋಡಲು ಬಂದ. ಹೂವಿನ ಗಿಡಗಳ ನಡುವೆ ಅಡ್ಡಾಡಿ ಕೊನೆಯ ಸಾಲಿನ ಮುಂದೆ ನಿಂತ.

"ಇದಕ್ಯಾಕ ಇಲ್ಲ?"

"ಅದಕ್ಕ ನೀವು ಹೊಟ್ಟಿ ತುಂಬ ಉಣಿಸೀರಿ," ಎಂದಳು ನೆಗೆಣ್ಣಿ.

ಅವನು ಹೆಂಡತಿಯ ಕಡೆ ನೋಡಲಿಲ್ಲ. ನನಗೆ ಹೇಳಿದ: "ಮಾತು ಮಾತ. ಗಿಡ ಇರಲಿ. ಆದ್ರ ವೈನಿ, ಹೂವಿಲ್ಲದ ಈ ಸಾಲ ಕೀಳಾಂವ."

"ಇದರದೂ ಎಲಿ ತಗದು ನೋಡೂಣು," ಎಂದೆ. ಅವನೆದುರು "ಆತು" ಬಿಟ್ಟು ಬೇರೆ ಮಾತಾಡಿದ್ದು ನನಗೇ ಕೇಳಿಸಿತು.

"ಒಂದ ವರ್ಷ," ಎಂದ. ಗೋವಿನಜೋಳವನ್ನು ಬದುವಿನ ಆಚೆಗೇ ಬಿತ್ತಿದ.

ಹಣ್ಣು ಪೇಟೆಯದರಷ್ಟು ಕೆಂಪಾಗಲಿಲ್ಲ. ಗಿಳಿಗಳು ತಿಂದು ಉಳಿದದ್ದನ್ನು ನೀವು ತಿಂದಿರಿ, ಹುಳಿ ಎಂದಿರಿ. ಬರುವ ಚಳಿಗಾಲಕ್ಕೆ ಆ ಕೊನೆಯ ಸಾಲಿನದೂ ಎಲೆ ತೆಗೆಯುವುದಿದೆ. ನನ್ನ ಮೊಣಕಾಲು ನಡೆಯಗೊಡದಿದ್ದರೆ ಬೇರೆ ಯಾರಾದರೂ ಮಾಡಬೇಕಾಗುತ್ತದೆ, ಅವರಿಗೆ ತೊಟ್ಟು ಬಿಟ್ಟು ಚಿವುಟುವ ರೀತಿ ತಿಳಿದಿರಬೇಕು. ಹಾಗಾಗಿ ಈ ಹಾಳೆಗಳನ್ನು ಇಲಿ ಮುಟ್ಟದ ಕಡೆ ಇಡಿ. ನಿಮ್ಮವ್ವ ರದ್ದಿಗೆ ಹಾಕದಂತೆ ನೋಡಿಕೊಳ್ಳಿ.